ಕೋಟೆಯ ಕಿಂಡಿ ಮತ್ತು ಅರವತ್ತನೆಯ ಪುಸ್ತಕ

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಶರೀಫಾಬಿ. ನಾನು ಓದಿದ ಕಾಲೇಜಿನ ಲೈಬ್ರರಿಯಲ್ಲಿ ಹರಿದ ಪುಸ್ತಕಗಳಿಗೆ ಬೈಂಡು ಹಾಕುತ್ತಿದ್ದರು. ಕೈಯಲ್ಲಿ ಸೂಜಿದಾರ, ಬಾಯಲ್ಲಿ ಕಥೆ, ಎರಡೂ ನಿಲ್ಲುತ್ತಿರಲಿಲ್ಲ. ತಮಗೆ ಇದನ್ನು ಅತ್ತೆ ಹೇಳಿದ್ದು ಎನ್ನುತ್ತಿದ್ದರು. ಅತ್ತೆಯ ಕಾಲದಲ್ಲಿ ಇಂಥ ವ್ಯಾಪಾರ ಎಲ್ಲಿತ್ತು ಎಂದು ನಮ್ಮಲ್ಲಿ ಯಾರಾದರೂ ತಕರಾರು ತೆಗೆದರೆ, "ನಿಮಗೆ ಕಥೆ ಬೇಕೋ, ನಮ್ಮತ್ತೆಯ ಜಾತಕ ಬೇಕೋ?" ಎಂದು ಕೇಳುತ್ತಿದ್ದರು. ನಮಗೆ ಕಥೆಯೇ ಬೇಕಿತ್ತು.

ಒಂದು ಊರಿತ್ತು. ಅದರ ಸುತ್ತ ನಾಲ್ಕಾಳೆತ್ತರದ ಕೋಟೆ. ಕಟ್ಟಿಸಿದ ರಾಜನಿಗೆ ಶತ್ರುಗಳೇನೂ ಇರಲಿಲ್ಲವಂತೆ; ಕಲ್ಲು ಬೇಕಾದಷ್ಟಿತ್ತು, ಹಾಗಾಗಿ ಕಟ್ಟಿಸಿದ. ಒಳಗಿನವರು ಹೊರಗೆ ಹೋಗುತ್ತಿದ್ದುದು ಕಡಿಮೆ, ಹೊರಗಿನವರು ಒಳಗೆ ಬರುತ್ತಿದ್ದುದು ಇನ್ನೂ ಕಡಿಮೆ. ಆದ್ದರಿಂದ ತಮ್ಮೂರಿನಲ್ಲಿ ಏನಿದೆಯೋ ಅದು ಲೋಕಕ್ಕೆಲ್ಲ ಒಂದೇ ಎಂದು ಎಲ್ಲರೂ ನಂಬಿ ಸುಖವಾಗಿದ್ದರು.

ಆ ಊರಿನಲ್ಲಿ ಪುಟ್ಟತಾಯಕ್ಕ ಚಿತ್ರಕಥೆ ಪುಸ್ತಕಗಳ ಬಾಡಿಗೆ ಅಂಗಡಿ ಇಟ್ಟಿದ್ದಳು. ಗೋಡೆಯಿಂದ ಗೋಡೆಗೆ ಹುರಿ ಕಟ್ಟಿ, ಅದರ ಮೇಲೆ ಪುಸ್ತಕಗಳನ್ನು ಒಗೆದ ಬಟ್ಟೆಯಂತೆ ಹರವಿರುತ್ತಿದ್ದಳು. ಬಾಡಿಗೆ ದಿನಕ್ಕೆ ಒಂದು ಕಾಸು ಮತ್ತು ಕಥೆ. ಪುಸ್ತಕ ಹಿಂದಿರುಗಿಸುವವರು ಅವಳೆದುರು ಮಣೆಯ ಮೇಲೆ ಕೂತು, ತಾವು ಓದಿದ್ದನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ಏಕೆಂದರೆ ಪುಟ್ಟತಾಯಕ್ಕನಿಗೆ ಓದು ಬರುತ್ತಿರಲಿಲ್ಲ. ಅಕ್ಷರ ಅವಳಿಗೆ ಹತ್ತಲಿಲ್ಲ, ಕಥೆ ಅವಳನ್ನು ಬಿಡಲಿಲ್ಲ. ಕಾಸು ಮರೆತು ಬಂದವರಿಗೆ "ನಾಳೆ ಕೊಡು ಹೋಗು" ಎನ್ನುತ್ತಿದ್ದಳು. ಕಥೆ ಮರೆತು ಬಂದವರಿಗೆ ಮಾತ್ರ ಮುಂದಿನ ಪುಸ್ತಕ ಇಲ್ಲ.

ಒಂದೇ ಪುಸ್ತಕವನ್ನು ಅಡುಗೆಯವನು ಹೇಳಿದರೆ ಅದರಲ್ಲಿ ರಾಜ ಏನೇನು ಉಂಡ ಎನ್ನುವುದೇ ಹೆಚ್ಚು. ಗರಡಿಯ ಪೈಲ್ವಾನ ಹೇಳಿದರೆ ಅದೇ ರಾಜನಿಗೆ ಉಣ್ಣಲು ಪುರುಸೊತ್ತೇ ಇಲ್ಲ. ಪುಟ್ಟತಾಯಕ್ಕ ಗಲ್ಲಕ್ಕೆ ಕೈಕೊಟ್ಟು ಎಲ್ಲವನ್ನೂ ಕೇಳುತ್ತಿದ್ದಳು. ಪುಸ್ತಕಗಳಿಗೆ ಅರಿಸಿನದ ಬೆರಳು ತಗುಲಿರುತ್ತಿತ್ತು, ಎಣ್ಣೆ ಇಳಿದಿರುತ್ತಿತ್ತು, ರಟ್ಟು ಕಿತ್ತುಬಂದು ಗೋಣಿದಾರದಲ್ಲಿ ಹೊಲಿಸಿಕೊಂಡಿರುತ್ತಿತ್ತು. ಅದನ್ನು ಯಾರೂ ದೋಷ ಎಂದುಕೊಂಡಿರಲಿಲ್ಲ. ಊಟದ ತಟ್ಟೆಗೆ ಅನ್ನದ ಅಗುಳು ಅಂಟುವುದು ದೋಷವೇ?

ಎಲ್ಲಕ್ಕಿಂತ ಬೇಡಿಕೆಯಿದ್ದದ್ದು 'ಕತ್ತಲ ಕೊತ್ವಾಲ' ಎಂಬ ಮಾಲೆಗೆ. ರಾಜನ ಕಾವಲಿನವರು ಬಿಟ್ಟುಬಿಟ್ಟ ಕಳ್ಳರನ್ನು ಕತ್ತಲಾದ ಮೇಲೆ ಹಿಡಿಯುವ ಮುಸುಕುಧಾರಿಯೊಬ್ಬನ ಕಥೆ ಅದು. ಐವತ್ತೊಂಬತ್ತು ಪುಸ್ತಕ ಬಂದಿದ್ದವು. ಹಳೆಯವು ಮನೆಮನೆಯಲ್ಲೂ ಒಂದೆರಡಿದ್ದವು. ಐವತ್ತೊಂಬತ್ತನೆಯದರ ಕೊನೆಯ ಪುಟದಲ್ಲಿ, ತುಂಬಿದ ಸಭೆಯಲ್ಲಿ ರಾಜ "ಮುಸುಕು ತೆಗೆ" ಎಂದು ಗುಡುಗುತ್ತಾನೆ. ಕೊತ್ವಾಲ ತಲೆಯ ಹಿಂದೆ ಕೈಯೊಯ್ದು ಗಂಟು ಹಿಡಿಯುತ್ತಾನೆ. ಅಲ್ಲಿಗೆ ಪುಸ್ತಕ ಮುಗಿದಿತ್ತು. ಅಚ್ಚುಕೂಟದವರು ಅರವತ್ತನೆಯದನ್ನು ಅಚ್ಚು ಹಾಕಿ, ಬಾಗಿಲು ಮುಚ್ಚಿದರು. ಅದರ ಒಂದೇ ಒಂದು ಪ್ರತಿ ಪುಟ್ಟತಾಯಕ್ಕನ ಅಂಗಡಿಗೆ ಬಂತು.

ಮೊದಲು ಯಾರಿಗೆ ಎಂದು ಚೀಟಿ ಎತ್ತಿದರು. ತಕ್ಕಡಿ ರಾಚಪ್ಪನ ಹೆಸರು ಬಂತು. ಊರಿನ ತಕ್ಕಡಿಗಳ ಮುಳ್ಳು ನೇರ ಮಾಡುವುದು ಅವನ ಕಸುಬು. ಯಾವುದು ಕೈಗೆ ಸಿಕ್ಕರೂ ಅಂಗೈ ಮೇಲಿಟ್ಟು ತೂಗಿ ನೋಡುವುದು ಅವನ ಚಟ.

"ನಾಳೆ ಹೊತ್ತಿಗೆ ಓದಿ ಬಂದು ಹೇಳಬೇಕು ಕಣೋ," ಎಂದಳು ಪುಟ್ಟತಾಯಕ್ಕ. "ಗಂಟು ಬಿಚ್ಚಿದ ಮೇಲೆ ಯಾರ ಮುಖ ಅಂತ ಕೇಳದೆ ನನಗೆ ಅನ್ನ ಸೇರಲ್ಲ."

"ನಾಳೆ ಯಾಕಕ್ಕ, ಸಂಜೆಗೇ ಬರ್ತೀನಿ," ಎಂದು ರಾಚಪ್ಪ ಪುಸ್ತಕವನ್ನು ಅಂಗೈಯಲ್ಲಿ ತೂಗುತ್ತ ಹೋದ.

ಅದೇ ದಿನ ಕೋಟೆಯ ಗೋಡೆಯಿಂದ ಒಂದು ಕಲ್ಲು ಜಾರಿ ಬಿತ್ತು. ಎದೆಮಟ್ಟದಲ್ಲಿ ಒಂದು ಕಿಂಡಿಯಾಯಿತು. ಕಡಲೆಪುರಿ ಮಾರುವವನೊಬ್ಬ ನೆರಳಿದೆಯೆಂದು ಅದರ ಕೆಳಗೆ ಬುಟ್ಟಿ ಇಳಿಸಿಕೊಂಡು, ಹಳೆಯ ಕೊತ್ವಾಲನ ಪುಸ್ತಕದ ಹಾಳೆ ಹರಿದು ಪೊಟ್ಟಣ ಕಟ್ಟಲು ಹೊರಟಿದ್ದ. ಕಿಂಡಿಯೊಳಗಿಂದ ಒಂದು ದನಿ ಬಂತು.

"ಅದೆಷ್ಟಕ್ಕೆ?"

"ಕಾಸಿಗೆ ಎರಡು ಬೊಗಸೆ, ಸ್ವಾಮಿ."

"ಪುರಿ ಬೇಡ. ಪೊಟ್ಟಣ."

ಪುರಿಯವನು ಸುತ್ತ ನೋಡಿದ. "ಬರೀ ಪೊಟ್ಟಣಾನಾ?"

"ಹತ್ತು ವರಹ," ಎಂದಿತು ದನಿ. ಅವನು ಉಗುಳು ನುಂಗುವಷ್ಟರಲ್ಲಿ ಇನ್ನೊಂದು ದನಿ "ಹನ್ನೆರಡು" ಎಂದಿತು. ಮೂರನೆಯದು "ಇಪ್ಪತ್ತು" ಎಂದಿತು. ಹೊರಗೆ ಯಾರಿದ್ದಾರೆಂದು ಇಣುಕಿದರೆ ಯಾರೂ ಕಾಣಲಿಲ್ಲ. ಇಪ್ಪತ್ತು ವರಹ ಮಾತ್ರ ಕಿಂಡಿಯ ಅಂಚಿನಲ್ಲಿತ್ತು.

ಒಂದು ವಾರದೊಳಗೆ ಕಿಂಡಿಗೆ ಸಂಪ್ರದಾಯ ಹುಟ್ಟಿತು. ಜನ ಚಪ್ಪಲಿ ಬಿಟ್ಟು ಹತ್ತಿರ ಹೋಗತೊಡಗಿದರು. ಪಕ್ಕದಲ್ಲೊಂದು ಮರಳು ಗಡಿಯಾರ ಬಂತು. ಮರಳು ಇಳಿಯುವವರೆಗೆ ದನಿಗಳು ಕೂಗಬಹುದು, ಕೊನೆಯ ಕಾಳು ಬೀಳುವಾಗ ಕೂಗಿದವನಿಗೆ ಮಾಲು. ಹಾಗಾಗಿ ಮರಳು ತುಂಬಿರುವಾಗ ಎಲ್ಲರೂ ಮೌನಿಗಳು. ಕೊನೆಯ ಚಿಟಿಕೆ ಉಳಿದಾಗ ಹೊರಗೆ ಒಮ್ಮೆಲೇ ಗಂಟಲು ಸರಿಮಾಡಿಕೊಳ್ಳುವ ಸದ್ದು. ಅಟ್ಟದ ಮೇಲಿನ, ಮಂಚದ ಕೆಳಗಿನ, ಅಲುಗಾಡುವ ಬೀರುವಿನ ಕಾಲಿಗೆ ಕೊಟ್ಟ ಪುಸ್ತಕಗಳೆಲ್ಲ ಹೊರಗೆ ಬಂದವು. ಮೊದಲನೆಯ ಪುಸ್ತಕ ಎಂಬತ್ತು ವರಹಕ್ಕೆ ಹೋಯಿತು. ಎಂಬತ್ತು ವರಹಕ್ಕೆ ಆ ಊರಿನಲ್ಲಿ ಜೋಡಿ ಎತ್ತು ಬರುತ್ತಿತ್ತು.

ಆಮೇಲೆ ಒಂದು ಬೆಳಿಗ್ಗೆ ಕಿಂಡಿಯೊಳಗಿಂದ ಕೊಳ್ಳುವವರ ಬದಲು ಮಾರುವವರ ದನಿ ಬಂತು. "ಮೊದಲನೆಯದಾ? ನಮ್ಮೂರಲ್ಲೂ ಇದೆ." "ನಮ್ಮಲ್ಲಿ ಆರಿವೆ." "ನಮ್ಮಲ್ಲಿ ಅದರಿಂದ ಬಾವಿಕಟ್ಟೆ ಒರೆಸುತ್ತೇವೆ." ಹೊರಗೆ ಮುನ್ನೂರು ಊರುಗಳಿದ್ದವು, ಮುನ್ನೂರಕ್ಕೂ ಒಂದೊಂದು ಕೋಟೆ, ಒಂದೊಂದು ಕಿಂಡಿ. ಲೋಕಕ್ಕೆಲ್ಲ ಒಂದೇ ಅಂದುಕೊಂಡದ್ದು ಲೋಕದ ತುಂಬ ಇತ್ತು. ಮೊದಲನೆಯ ಪುಸ್ತಕದ ಬೆಲೆ ಬೊಗಸೆ ಪುರಿಗೆ ಇಳಿಯಿತು, ಅದೂ ಪುರಿಯವನು ದೊಡ್ಡ ಮನಸ್ಸು ಮಾಡಿದರೆ.

ಊರು ಹೀಗೆ ಮಂಕಾಗಿ ಕೂತಿದ್ದಾಗ ಭೂತಗನ್ನಡಿಯವರು ಬಂದರು. ಅವರ ಹೆಸರು ಯಾರೂ ಕೇಳಲಿಲ್ಲ. ಬಿಳಿ ಕೈಗವಸು ತೊಟ್ಟ ಬೆರಳು, ಮೆಲುದನಿ, ಒಂದು ಕಣ್ಣಿಗೆ ಸದಾ ಹಿಡಿದ ಭೂತಗನ್ನಡಿ. "ಪುಸ್ತಕ ಎಲ್ಲ ಕಡೆ ಇದೆ, ನಿಜ," ಎಂದರು. "ಆದರೆ ಚೊಕ್ಕಟವಾದ ಪುಸ್ತಕ ಎಷ್ಟಿವೆ? ನಾನು ಹತ್ತಕ್ಕೆ ಅಂಕ ಹಾಕುತ್ತೇನೆ. ಅರಿಸಿನದ ಬೆರಳಿಗೆ ಎರಡು ಅಂಕ ಹೋಯಿತು. ಮೂಲೆ ಮಡಚಿದ್ದಕ್ಕೆ ಒಂದು. ಓದಿದ್ದಕ್ಕೆ ಒಂದು. ಇಷ್ಟಪಟ್ಟು ಓದಿದ್ದರೆ ಮೂರು. ಅಂಥ ಪುಸ್ತಕದ ಬೆನ್ನು ಮುರಿದಿರುತ್ತದೆ."

"ಹತ್ತಕ್ಕೆ ಹತ್ತು ಯಾವುದಕ್ಕೆ ಬುದ್ಧೀ?" ಎಂದು ಯಾರೋ ಕೇಳಿದರು.

"ತೆರೆಯದೇ ಇರುವುದಕ್ಕೆ."

ತೆರೆಯದ ಪುಸ್ತಕವನ್ನು ಅವರು ಎರಡು ಗಾಜಿನ ನಡುವೆ ಇಟ್ಟು, ಸುತ್ತಲೂ ಅರಗು ಸುರಿದು, ಮುದ್ರೆ ಒತ್ತಿ ಕೊಡುತ್ತಿದ್ದರು. ಅರಗಿನ ಮುದ್ರೆಯಿದ್ದದ್ದು ಕಿಂಡಿಯಲ್ಲಿ ನೂರಿನ್ನೂರು ವರಹಕ್ಕೆ ಏರಿತು. ಊರವರು ಮನೆಯಲ್ಲಿ ಅಷ್ಟಿಷ್ಟು ಚೊಕ್ಕಟ ಉಳಿದಿದ್ದ ಪುಸ್ತಕಗಳನ್ನು ಇಕ್ಕಳದಲ್ಲಿ ಎತ್ತಿಕೊಂಡು ಸಾಲುಗಟ್ಟಿದರು. ಮದುವೆಯಲ್ಲಿ ಬೆಳ್ಳಿ ಲೋಟದ ಬದಲು ಗಾಜಿನ ಪುಸ್ತಕ ಓದಿಸುವ ಪದ್ಧತಿ ಬಂತು. ಓದಿಸುವುದೆಂದರೆ ಮುಯ್ಯಿ ಓದಿಸುವುದು. ಬೇರೆ ಓದು ನಿಂತೇ ಹೋಗಿತ್ತು.

ಭೂತಗನ್ನಡಿಯವರು ಪುಟ್ಟತಾಯಕ್ಕನ ಅಂಗಡಿಗೂ ಬಂದರು. ಹುರಿಯ ಮೇಲಿನ ಒಂದೊಂದನ್ನೂ ನೋಡಿ ಮುಖ ಹಿಂಡಿದರು. "ಸೊನ್ನೆ. ಸೊನ್ನೆ. ಇದು... ಇದು ಪುಸ್ತಕವಲ್ಲ ತಾಯಿ, ಗಾಯ."

"ಗಾಯ ಅಲ್ಲ ಕಣಪ್ಪ, ಬಳಕೆ," ಎಂದಳು ಪುಟ್ಟತಾಯಕ್ಕ. "ನಿಮ್ಮ ಮುಖಾನೂ ನಲವತ್ತು ವರ್ಷ ಬಳಸಿದ ಹಾಗೇ ಇದೆ. ಅದಕ್ಕೆಷ್ಟು ಅಂಕ?"

ಅವರು ನಗಲಿಲ್ಲ. ನಕ್ಕರೆ ಗೆರೆ ಬೀಳುತ್ತದೆ.

ಅಂಗಡಿಗೆ ಜನ ಬರುವುದು ನಿಂತಿತು. ಸೂಲಗಿತ್ತಿ ಚೌಡಮ್ಮ ಒಬ್ಬಳು ಬಂದು ಮಣೆಯ ಮೇಲೆ ಕೂತು ಎಲೆಯಡಿಕೆ ಹಾಕಿಕೊಂಡು ಹೋಗುತ್ತಿದ್ದಳು. ಅವಳಿಗೂ ಓದು ಬಾರದು. ಪುಸ್ತಕದ ಆಸ್ತಿಯೂ ಇಲ್ಲ. ರಾಚಪ್ಪನಂತೂ ಆ ಸಂಜೆ ಬರಲಿಲ್ಲ, ಮರುದಿನ ಬರಲಿಲ್ಲ, ತಿಂಗಳಾದರೂ ಬರಲಿಲ್ಲ. ದಿನಾ ಬೆಳಿಗ್ಗೆ ಅಂಗಡಿಯ ಹೊಸ್ತಿಲ ಮೇಲೆ ಒಂದು ಕಾಸು ಮಾತ್ರ ಬಿದ್ದಿರುತ್ತಿತ್ತು.

ಪುಟ್ಟತಾಯಕ್ಕ ಅವನ ಮನೆಗೇ ಹೋದಳು.

"ಓದಿದೆಯೇನೋ?"

"ಇಲ್ಲಕ್ಕ."

"ಮತ್ತೆ ತಿಂಗಳಿಂದ ಏನು ಮಾಡ್ತಿದ್ದೆ?"

"ನೋಡ್ತಾ ಇದ್ದೆ."

"ಏನನ್ನ?"

"ರಟ್ಟನ್ನ." ಅವನು ರೇಷ್ಮೆ ವಸ್ತ್ರ ಸರಿಸಿ ತೋರಿಸಿದ. ಗಾಜಿನ ನಡುವೆ ಅರವತ್ತನೆಯ ಪುಸ್ತಕ ತೊಟ್ಟಿಲ ಕೂಸಿನಂತೆ ಮಲಗಿತ್ತು. "ಹತ್ತಕ್ಕೆ ಹತ್ತು, ಅಕ್ಕ! ಊರಿಗೇ ಇದೊಂದು."

"ನನ್ನ ಪುಸ್ತಕ ಕೊಡು."

"ಕೊಡದೆ ಏನು? ಆದರೆ ನೀನೇ ಹೇಳು, ನಿನಗೆ ಓದೋಕೆ ಬರಲ್ಲ. ಇದನ್ನ ತೆರೆದು ನಿನಗೆ ಓದಿ ಹೇಳೋ ಧೈರ್ಯ ಈ ಊರಲ್ಲಿ ಯಾರಿಗಿದೆ? ಒಬ್ಬನ್ನ ಕರ್ಕೊಂಡು ಬಾ, ಈಗಲೇ ಗಾಜು ಒಡೀತೀನಿ."

ಪುಟ್ಟತಾಯಕ್ಕ ಬೀದಿಬೀದಿ ತಿರುಗಿದಳು. ಅಡುಗೆಯವನು ಕೈಮುಗಿದ. "ಅಕ್ಕಾ, ನನ್ನ ಹತ್ರ ಹದಿನೇಳನೆಯದು ಗಾಜಿನಲ್ಲಿದೆ. ಅರವತ್ತನೆಯದು ದಾಖಲೆ ಬೆಲೆಗೆ ಹೋದರೆ ನನ್ನದೂ ಏರುತ್ತೆ ಅಂತ ಭೂತಗನ್ನಡಿಯೋರು ಹೇಳವ್ರೆ. ಹೆಣ್ಣು ಮಗು ಇದೆ ಮನೇಲಿ." ಪೈಲ್ವಾನನಿಗೆ ನಾಲ್ಕು ಜನರನ್ನು ಎತ್ತಿ ಒಗೆಯುವ ಧೈರ್ಯವಿತ್ತು, ಒಂದು ರಟ್ಟು ತೆರೆಯುವ ಧೈರ್ಯವಿರಲಿಲ್ಲ. ಹೀಗೆ ಮನೆಮನೆಯ ಅದೃಷ್ಟವೂ ಆ ಒಂದು ಪುಸ್ತಕ ಮುಚ್ಚಿಕೊಂಡಿರುವುದರ ಮೇಲೆ ನಿಂತಿತ್ತು. ಪುಸ್ತಕ ಅವಳದು, ಅದರ ಮೌನ ಊರಿನದು.

"ಒಂಬತ್ತು ತಿಂಗಳಾದ ಮೇಲೂ ಒಳಗೇ ಇರೋದು ಯಾವುದಕ್ಕೂ ಒಳ್ಳೇದಲ್ಲ ಕಣೆ," ಎಂದಳು ಚೌಡಮ್ಮ. "ನಾನು ಕಂಡಿದೀನಿ."

"ನನಗಂತೂ ಕೈ ನೋಯ್ತಿದೆ ಚೌಡಮ್ಮ," ಎಂದಳು ಪುಟ್ಟತಾಯಕ್ಕ. ಕೊತ್ವಾಲನ ಕೈ ಆ ಗಂಟಿನ ಮೇಲೇ ನಿಂತು ಎಷ್ಟು ದಿನವಾಗಿತ್ತು! ಅವನ ತೋಳಿನ ನೋವೆಲ್ಲ ಇವಳ ಭುಜಕ್ಕೆ ಇಳಿದಿತ್ತು.

ಕೊನೆಗೂ ರಾಚಪ್ಪ ಅರವತ್ತನೆಯದನ್ನು ಕಿಂಡಿಯಲ್ಲಿಟ್ಟ ದಿನ ಊರಿಗೆ ಊರೇ ನೆರೆಯಿತು. ಮರಳು ಗಡಿಯಾರ ತಿರುಗಿಸಿದರು. ಹೊರಗೆ ಯಾರೂ ಗಂಟಲು ಸರಿಮಾಡಿಕೊಳ್ಳಲಿಲ್ಲ. ಕೊನೆಯ ಕಾಳೂ ಬಿತ್ತು. ಆಗ ಒಂದು ಸುಸ್ತಾದ ದನಿ ಕೇಳಿತು:

"ಹತ್ತಕ್ಕೆ ಹತ್ತಾ? ನಮ್ಮದೂ ಅಷ್ಟೇ."

"ನಮ್ಮದೂ," ಎಂದಿತು ಇನ್ನೊಂದು. ಮುನ್ನೂರು ಊರಿನಲ್ಲೂ ಚೀಟಿಯಲ್ಲಿ ಹೆಸರು ಬಂದವನು ಪುಸ್ತಕ ತೆರೆದಿರಲಿಲ್ಲ. ಮುನ್ನೂರೂ ಗಾಜಿನಲ್ಲಿದ್ದವು, ಮುನ್ನೂರಕ್ಕೂ ಹತ್ತಕ್ಕೆ ಹತ್ತು. ಬೊಗಸೆ ಪುರಿಯ ಬೆಲೆಯೂ ಹುಟ್ಟಲಿಲ್ಲ.

ರಾಚಪ್ಪ ನೇರ ಪುಟ್ಟತಾಯಕ್ಕನ ಅಂಗಡಿಗೆ ಬಂದು ಗಾಜನ್ನು ಅವಳ ಮುಂದೆ ಕುಕ್ಕಿದ. "ತಗೋ ಅಕ್ಕ, ನಿನ್ನ ಪುಸ್ತಕ."

"ಕಥೆ?"

"ಓದಿದ್ರಲ್ವಾ ಹೇಳೋಕೆ?"

"ಇಲ್ಲೇ ಕೂತು ಓದು. ಗಟ್ಟಿಯಾಗಿ."

ಅವನಿಗೂ ಇನ್ನು ಕಳೆದುಕೊಳ್ಳುವಂಥದ್ದೇನೂ ಇರಲಿಲ್ಲ. ಅರಗು ಒಡೆದು, ಮಣೆಯ ಮೇಲೆ ಕೂತು ಓದತೊಡಗಿದ. ಮೊದಲೆರಡು ಪುಟ ಮುನಿಸಿನಲ್ಲಿ ಓದಿದ. ಐದನೆಯ ಪುಟಕ್ಕೆ ಬರುವಾಗ ದನಿ ಕುದುರಿತ್ತು. ಹತ್ತನೆಯದಕ್ಕೆ ಚೌಡಮ್ಮ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು. ಮಂತ್ರಿ ಸುಳ್ಳು ಸಾಕ್ಷಿ ಹೇಳಿಸಿದ, ಸಭೆ ಗದ್ದಲ ಮಾಡಿತು, ಕೊತ್ವಾಲನ ಕೈ ಗಂಟಿನ ಮೇಲೆಯೇ ಇತ್ತು. ಪುಸ್ತಕ ಮೂವತ್ತೆರಡು ಪುಟದ್ದು. ರಾಚಪ್ಪ ಮೂವತ್ತನೆಯ ಪುಟದ ಕೊನೆಗೆ ಬಂದು ಹಾಳೆ ಮಗುಚಲು ಬೆರಳು ಇಟ್ಟಾಗ ಬೀದಿಯಲ್ಲಿ ಡಂಗುರದವನು ಓಡಿಬಂದ.

"ಕಿಂಡೀಲಿ ಕೇಳ್ತಾವ್ರೆ! ಅರವತ್ತನೇದನ್ನ ಓದಿದೋರು ಯಾರಾದ್ರೂ ಇದ್ದಾರಾ ಅಂತ! ಮುನ್ನೂರು ಊರಲ್ಲಿ ಒಬ್ಬರೂ ಇಲ್ವಂತೆ! ಕೊನೆ ಏನು ಅಂತ ಹೇಳೋರಿಗೆ ಸಾವಿರ ವರಹ!"

ರಾಚಪ್ಪನ ಬಾಯಿ ಅರ್ಧ ತೆರೆದಿದ್ದದ್ದು ಹಾಗೇ ನಿಂತಿತು. ಅವನು ಪುಟ್ಟತಾಯಕ್ಕನ ಮುಖ ನೋಡಿದ. ಪುಟ್ಟತಾಯಕ್ಕ ಅವನ ಮುಖ ನೋಡಿದಳು.

"ಓದೋ," ಎಂದಳು.

"ಒಬ್ಬರಿಗೆ ಹೇಳಿದರೆ ಬೆಲೆ ಅರ್ಧ ಆಗುತ್ತೆ ಅಕ್ಕ."

"ಎರಡೇ ಪುಟ ಕಣೋ ರಾಚಪ್ಪ."

ಅವನು ಎರಡು ಪುಟವನ್ನೂ ತುಟಿ ಕುಣಿಸುತ್ತ ಮನಸ್ಸಿನಲ್ಲೇ ಓದಿಕೊಂಡ. ಆಮೇಲೆ ಆ ಹಾಳೆಯನ್ನು ಪರ್ರನೆ ಹರಿದು, ಉಂಡೆ ಮಾಡಿ, ಬಾಯಿಗೆ ಹಾಕಿಕೊಂಡು ನುಂಗಿಬಿಟ್ಟ. ಚೌಡಮ್ಮ ಅವನ ಬೆನ್ನಿಗೊಂದು ಗುದ್ದಿದಳು. ಅದು ಮೇಲೆ ಬರಲಿ ಎಂದೋ, ಸಿಟ್ಟಿಗೋ, ಅವಳಿಗೂ ಗೊತ್ತಿರಲಿಲ್ಲ.

ಕಿಂಡಿಯ ಬಳಿ ಭೂತಗನ್ನಡಿಯವರು ರಾಚಪ್ಪನನ್ನು ಸುತ್ತಿ ಸುತ್ತಿ ಪರೀಕ್ಷಿಸಿದರು. "ಒಮ್ಮೆ ಓದಿದ್ದು. ಯಾರಿಗೂ ಹೇಳಿಲ್ಲ. ಹತ್ತಕ್ಕೆ ಒಂಬತ್ತೂವರೆ."

"ಅರ್ಧ ಯಾಕೆ ಕಡಿಮೆ?" ರಾಚಪ್ಪನಿಗೆ ಸಂಕಟವಾಯಿತು.

"ಓದುವಾಗ ತುಟಿ ಅಲ್ಲಾಡಿದೆ."

ಅವನ ಬಾಯಿಗೆ ಬಿಳಿ ಬಟ್ಟೆಯ ಪಟ್ಟಿ ಕಟ್ಟಿ, ಅರಗು ಹಚ್ಚಿ, ಮುದ್ರೆ ಒತ್ತಿ, ಕಿಂಡಿಯ ಪಕ್ಕದ ಕಟ್ಟೆಯ ಮೇಲೆ ಕೂರಿಸಿದರು. ತುಟಿಯ ಅಂಚಿನಲ್ಲಿ ಪಪ್ಪಾಯಿ ದಂಟು ತೂರಿಸಿ ಅವನ ಹೆಂಡತಿ ಗಂಜಿ ಕುಡಿಸುತ್ತಿದ್ದಳು. ದನಿಗಳು ಸಾವಿರ ಎಂದವು. ರಾಚಪ್ಪ ತಲೆ ಅಡ್ಡ ಆಡಿಸಿದ. ಎರಡು ಸಾವಿರ ಎಂದವು. ನಾಳೆ ಮೂರಾಗುವುದನ್ನು ಇವತ್ತೇ ಎರಡಕ್ಕೆ ಕೊಡುವ ಮೂರ್ಖನೇ ಅವನು? ಮೂರನೆಯ ದಿನ ಹೊರಗಿನಿಂದ "ನಮ್ಮೂರಲ್ಲೂ ಒಬ್ಬ ಓದಿದ್ದಾನೆ, ಬಾಯಿಗೆ ಅರಗು ಹಾಕಿ ಕೂರಿಸಿದ್ದೇವೆ" ಎಂಬ ದನಿ ಬಂತು. ಆಮೇಲೆ ಇನ್ನೊಂದು. ಸಾವಿರ ವರಹದ ಸುದ್ದಿ ಮುನ್ನೂರು ಕೋಟೆಗಳೊಳಗೂ ಮುಟ್ಟಿತ್ತಲ್ಲ! ಬೆಲೆ ಬಿದ್ದುಹೋಯಿತು. ಆದರೆ ಯಾರೂ ಬಾಯಿ ಬಿಚ್ಚಲಿಲ್ಲ. ಬಿದ್ದದ್ದು ಮತ್ತೆ ಏಳುತ್ತದೆ, ತಾಳ್ಮೆ ಬೇಕು ಎಂದು ಭೂತಗನ್ನಡಿಯವರು ಎಲ್ಲರಿಗೂ ಹೇಳಿದ್ದರು. ಹೀಗೆ ಮುನ್ನೂರು ಜನಕ್ಕೆ ಗೊತ್ತಿದ್ದ ಕೊನೆ ಯಾರಿಗೂ ಗೊತ್ತಿಲ್ಲದ ಕೊನೆಯಾಯಿತು.

ಹದಿನೈದು ದಿನ ಪುಟ್ಟತಾಯಕ್ಕ ಕಾದಳು. ಹದಿನಾರನೆಯ ದಿನ ಮಟಮಟ ಮಧ್ಯಾಹ್ನ, ಬೆಲೆ ಏಳುವುದನ್ನು ಕಾಯುತ್ತ ಊರೆಲ್ಲ ಕಿಂಡಿಯ ಮುಂದೆ ಕೂತಿದ್ದಾಗ, ಸೆರಗು ಸಿಕ್ಕಿಸಿಕೊಂಡು ಹೊರಟಳು. ಹಿಂದೆ ಚೌಡಮ್ಮ. ಪುಟ್ಟತಾಯಕ್ಕ ಚಪ್ಪಲಿ ಬಿಡಲಿಲ್ಲ.

"ಏನು ತಂದಿದ್ದೀರಿ ತಾಯಿ?" ಎಂದರು ಭೂತಗನ್ನಡಿಯವರು.

"ಕೊತ್ವಾಲನ ಕೊನೆ."

"ನಿಮಗೆ ಓದಲು ಬರುವುದಿಲ್ಲ."

"ಹೇಳೋಕೆ ಬರುತ್ತೆ." ಅವಳು ಕಿಂಡಿಯ ಅಂಚಿಗೆ ಮೊಣಕೈ ಊರಿ ಶುರುಮಾಡಿದಳು. ಜೀವಮಾನವಿಡೀ ಕೇಳುತ್ತ ಬಂದವಳು ಹೇಳಲು ನಿಂತದ್ದು ಅದೇ ಮೊದಲು. ಮರಳು ಗಡಿಯಾರ ತಿರುಗಿಸಲು ಯಾರಿಗೂ ಹೊಳೆಯಲಿಲ್ಲ. "ಕೇಳಿ ಮತ್ತೆ. ತುಂಬಿದ ಸಭೆ. ಕೊತ್ವಾಲ ತನ್ನ ಬಿಳಿ ಕುದುರೆ ಮೇಲೆ ಕೂತಿದ್ದಾನೆ..."

"ಕುದುರೆ ಎಲ್ಲಿಂದ ಬಂತು?" ಎಂದ ಪುರಿಯವನು. "ಅವನು ನಡ್ಕೊಂಡು ಓಡಾಡೋನು!"

"ಅವನ ಪಕ್ಕದಲ್ಲಿ ಅವನ ನಾಯಿ..."

"ಅದು ಇಪ್ಪತ್ತೆರಡನೇದರಲ್ಲೇ ಸತ್ತೋಯ್ತಲ್ಲಕ್ಕ!" ಎಂದ ಪೈಲ್ವಾನ. ಆ ನಾಯಿಗಾಗಿ ಅವನು ಒಂದು ಹೊತ್ತು ಊಟ ಬಿಟ್ಟಿದ್ದ.

ಪುಟ್ಟತಾಯಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. "ರಾಜ ಮುಸುಕು ತೆಗೆ ಅಂತಾನೆ. ಇವನು ಗಂಟು ಬಿಚ್ಚಿ ಮುಸುಕು ತೆಗೀತಾನೆ. ನೋಡಿದರೆ ಯಾರು? ರಾಜನ ತಮ್ಮ! ಚಿಕ್ಕಂದಿನಲ್ಲಿ ಜಾತ್ರೇಲಿ ಕಳೆದುಹೋದವನು! ಕೆನ್ನೆ ಮೇಲೆ ಮಚ್ಚೆ. ರಾಜಮಾತೆ ಮಚ್ಚೆ ನೋಡಿ, ಹಾಲು ಉಕ್ಕಿದ ಹಾಗೆ ಅಳ್ತಾ ಬಂದು, ಪಾಯಸದ ಬಟ್ಟಲು ಬಾಯಿಗಿಟ್ಟಳು..."

ಕಟ್ಟೆಯ ಮೇಲೆ ರಾಚಪ್ಪನ ಕಣ್ಣು ದೊಡ್ಡದಾಗುತ್ತ ಬಂದಿತ್ತು. ತಮ್ಮ ಎಂದಾಗ ಕೈಯಾಡಿಸಿದ. ಮಚ್ಚೆ ಎಂದಾಗ ನೆಲಕ್ಕೆ ಕಾಲು ಬಡಿದ. ತಪ್ಪು ತೂಕ ಕಂಡರೆ ಅವನಿಗೆ ಮೈ ಉರಿಯುತ್ತಿತ್ತು; ಇದು ತೂಕವೇ ಅಲ್ಲದ ತೂಕ.

"...ತಕ್ಷಣ ಮಂತ್ರಿಯ ಮಗಳ ಜೊತೆ ಮದುವೇನೂ ಆಗಿ..."

ಅರಗು ಚಟ್ಟೆಂದು ಬಿರಿಯಿತು.

"ಥೂ, ಅಲ್ಲಕ್ಕಾ!" ಹದಿನೈದು ದಿನದ ಗಂಟಲು ಕೀರಲಾಗಿ ಕಿರುಚಿತು. "ಯಾವ ತಮ್ಮ, ಯಾವ ಪಾಯಸ! ಮುಸುಕು ತೆಗೆದರೆ ಹೆಂಗಸು! ಕಟ್ಟಿಗೆ ಮಾರೋ ಮುದುಕಿ! ಅರಮನೆ ಬಾಗಿಲ ಮೂಲೇಲಿ ಹೊರೆ ಇಳಿಸ್ಕೊಂಡು ಕೂತಿರ್ತಾಳಲ್ಲ, ಅವಳು!"

ಅದೇ ಗಳಿಗೆಯಲ್ಲಿ ಕಿಂಡಿಯ ಆಚೆಯಿಂದ ಚಟ್ ಚಟ್ ಎಂದು ಅರಗು ಬಿರಿಯುವ ಸದ್ದು, ಅದರ ಹಿಂದೆ ಮುನ್ನೂರು ಕೀರಲು ದನಿ: "ತಮ್ಮ ಅಲ್ಲ! ಮುದುಕಿ! ಮುದುಕಿ!" ಬೆಲೆಯನ್ನು ಬಿಟ್ಟು ಬೇರೇನನ್ನೋ ಆ ಕಿಂಡಿ ಕೂಗಿದ್ದು ಅಂದೇ ಮೊದಲು.

"ರಾಜ ಏನಂದ?" ಎಂದಳು ಪುಟ್ಟತಾಯಕ್ಕ ಮೆಲ್ಲಗೆ.

"'ಮುಸುಕು ಯಾಕೆ ಹಾಕಿದೆ?' ಅಂದ. ಅದಕ್ಕವಳು, 'ಮೂವತ್ತು ವರ್ಷ ಬರೀ ಮುಖದಲ್ಲಿ ನಿಮ್ಮ ಬಾಗಿಲಲ್ಲೇ ಕೂತಿದ್ದೆ, ಯಾರೂ ನೋಡಲಿಲ್ಲ. ಮುಚ್ಚಿಕೊಂಡ ಮೇಲೆ ಎಲ್ಲರಿಗೂ ಕಂಡೆ' ಅಂದಳು. ಹೊರೆ ಎತ್ತಿಕೊಂಡು ಹೋದಳು. ಅಷ್ಟೇ." ರಾಚಪ್ಪ ಉಸಿರು ಬಿಟ್ಟ. ಹೊಟ್ಟೆಯೊಳಗಿನ ಹಾಳೆ ಆಗಷ್ಟೇ ಅರಗಿದಂತಿತ್ತು.

ಪುಟ್ಟತಾಯಕ್ಕ ಭುಜ ಇಳಿಬಿಟ್ಟಳು.

"ಯಾವ ಮುದುಕಿ? ನಾವು ನೋಡೇ ಇಲ್ವಲ್ಲ?" ಎಂದ ಅಡುಗೆಯವನು.

"ಮೊದಲನೇ ಪುಸ್ತಕದಿಂದಲೂ ಇದ್ದಾಳಂತೆ. ಚಿತ್ರದ ಮೂಲೇಲಿ."

ಕೂತಿದ್ದವರೆಲ್ಲ ಎದ್ದರು. ಆಮೇಲೆ ಓಟ. ಆ ಮಧ್ಯಾಹ್ನ ಊರ ತುಂಬ ಗಾಜು ಒಡೆಯುವ ಸದ್ದು. ಅಡುಗೆಯವನು ಹದಿನೇಳನೆಯದರಲ್ಲಿ ಅವಳನ್ನು ಬಾವಿಯ ಪಕ್ಕ ಹಿಡಿದ. ಪೈಲ್ವಾನ ಇಪ್ಪತ್ತೆರಡನೆಯದರಲ್ಲಿ ಅವಳು ಸತ್ತ ನಾಯಿಯ ತಲೆ ಸವರುತ್ತಿರುವುದನ್ನು ಕಂಡು ಮತ್ತೊಮ್ಮೆ ಅತ್ತ. ಹುಡುಕಲು ಕೂತವರು ಓದಲು ಕೂತರು. ಒಲೆಯ ಮೇಲೆ ಅನ್ನ ಸೀದಿತು. ಸಂಜೆಗೆ ಊರಿನಲ್ಲಿ ಅರಿಸಿನದ ಬೆರಳಿಲ್ಲದ ಪುಸ್ತಕ ಒಂದೂ ಉಳಿದಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮರುದಿನ ಬೆಳಿಗ್ಗೆ ಪುಟ್ಟತಾಯಕ್ಕ ಅಂಗಡಿಯ ಬಾಗಿಲು ತೆಗೆದಾಗ ಎದುರಿಗೆ ಭೂತಗನ್ನಡಿಯವರು ಕೈಮುಗಿದು ನಿಂತಿದ್ದರು. ಅವರ ಹಿಂದೆ ಊರೆಲ್ಲ.

"ತಾಯಿ, ನಿಜವಾದ ಕೊನೆ ಈಗ ಬೀದಿಯ ಮಣ್ಣು. ಎಲ್ಲರ ಬಾಯಲ್ಲೂ ಇದೆ," ಎಂದರು ಮೆಲುದನಿಯಲ್ಲಿ. "ಆದರೆ ನೀವು ಹೇಳಿದ ಆ ಇನ್ನೊಂದು ಕೊನೆ... ಅದು ಯಾವ ಪುಸ್ತಕದಲ್ಲೂ ಇಲ್ಲ. ಮುನ್ನೂರು ಊರಿಗೆ ಒಂದೇ ಪ್ರತಿ. ಅದೂ ನಿಮ್ಮ ಬಾಯಲ್ಲಿ. ಒಂದೇ ಸಲ ಹೇಳಿದ್ದು, ಅರ್ಧಕ್ಕೆ ನಿಂತದ್ದು. ಕಿಂಡಿಯಲ್ಲಿ ಐದು ಸಾವಿರಕ್ಕೆ ಹೋಗಿದೆ. ಇನ್ನೊಮ್ಮೆ ಯಾರಿಗೂ ಹೇಳಬೇಡಿ." ಅವರ ಕೈಯಲ್ಲಿ ಅರಗು ಕಾದು ಹೊಗೆಯಾಡುತ್ತಿತ್ತು.

"ಹೇಳಬೇಡಕ್ಕಾ!" ಎಂದ ಅಡುಗೆಯವನು.

"ಊರಿನ ಮಾನದ ಪ್ರಶ್ನೆ," ಎಂದ ಪೈಲ್ವಾನ.

ಎಲ್ಲರಿಗಿಂತ ಮುಂದೆ ನಿಂತಿದ್ದವನು ರಾಚಪ್ಪ. "ತಾಳ್ಕೊಂಡರೆ ಹತ್ತು ಸಾವಿರ ಆಗುತ್ತೆ ಅಕ್ಕ. ಬಾಯಿ ಮಾತ್ರ ಬಿಡಬೇಡ."

ಪುಟ್ಟತಾಯಕ್ಕ ಅವರೆಲ್ಲರನ್ನೂ ಒಂದು ಸುತ್ತು ನೋಡಿದಳು. ಮಣೆಯ ಮೇಲಿದ್ದ ಚೌಡಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದಳು.

"ಯಾವ ಕೊನೇನಪ್ಪ?" ಎಂದಳು ಪುಟ್ಟತಾಯಕ್ಕ. "ಓ, ಅದಾ! ಮುಸುಕು ತೆಗೆದರೆ ರಾಜನ ಅಳಿಯ ಅಂತ ಹೇಳಿದ್ನಲ್ಲ..."

"ಅಳಿಯ ಅಲ್ಲಕ್ಕಾ, ತಮ್ಮ!" ಎಂದ ರಾಚಪ್ಪ.

"ಹೌದಾ? ಹಣೇಲಿ ಗಾಯದ ಗುರುತು..."

"ಕೆನ್ನೇಲಿ ಮಚ್ಚೆ!" ಎಂದಿತು ಇಡೀ ಬೀದಿ. "ಜಾತ್ರೇಲಿ ಕಳೆದುಹೋದೋನು! ರಾಜಮಾತೆ ಅಳ್ತಾ ಬಂದು ಪಾಯಸ ಕುಡಿಸ್ತಾಳೆ! ಮಂತ್ರಿ ಮಗಳ ಜೊತೆ ಮದುವೆ!" ಹಿಂದಿದ್ದವರಿಗೆ ಮುಂದಿದ್ದವರು ಹೇಳಿದರು, ಬೀದಿಯ ಕೊನೆಯವರು ಪಕ್ಕದ ಬೀದಿಯವರಿಗೆ ಕೂಗಿದರು, ಆ ಬೀದಿ ಕೋಟೆಯ ಕಿಂಡಿಯ ಮುಂದೆಯೇ ಹಾದುಹೋಗುತ್ತಿತ್ತು.

ಭೂತಗನ್ನಡಿಯವರ ಕೈಯಲ್ಲಿ ಅರಗು ಆರಿ ಗಟ್ಟಿಯಾಯಿತು.

ಶರೀಫಾಬಿ ಇಲ್ಲಿ ದಾರವನ್ನು ಹಲ್ಲಿನಿಂದ ಕಡಿದು, ನಮ್ಮನ್ನು ಕ್ಲಾಸಿಗೆ ಅಟ್ಟುತ್ತಿದ್ದರು. ನಾನು ಕೇಳಿದ್ದನ್ನು ನಿಮಗೆ ಹೇಳಿದ್ದೇನೆ. ನೀವೂ ಇವತ್ತೇ ಯಾರಿಗಾದರೂ ಹೇಳಿ, ಇಬ್ಬರಿಗಾದರೆ ಇನ್ನೂ ಒಳ್ಳೆಯದು. ಸರಿಯಾಗಿಯೇ ಹೇಳಬೇಕೆಂದೇನೂ ಇಲ್ಲ.